ಚಡವು ಹತ್ತದ ಕಾರು

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಮಾರ್ಗ ಮೇಲೆ, ಮನೆ ಕೆಳಗೆ. ಮೇಲೆ ಮುರಕಲ್ಲಿನ ಪದವು, ಮುಳಿಹುಲ್ಲು, ಗೇರುಮರ. ಕೆಳಗೆ ಎರಡು ಗುಡ್ಡೆಗಳ ನಡುವೆ ನೀರು ಸಿಕ್ಕಿದಲ್ಲಿ ತೋಟ, ತೋಟದ ತಲೆಯಲ್ಲಿ ಮನೆ. ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಸುರಂಗ ಕೊರೆದ ನಮ್ಮ ಹಿರಿಯರು ಮನೆಗೆ ಜಾಗ ಆರಿಸಿದ್ದು ನೀರನ್ನು ನೋಡಿ. ಅಂಗಳಕ್ಕೆ ಒಂದು ದಿನ ಕಾರು ಬಂದೀತೆಂಬ ಯೋಚನೆ ಅವರಿಗೆ ಇರಲು ಸಾಧ್ಯವಿರಲಿಲ್ಲ. ಆಮೇಲೆ ಜೀಪು ಬಂತು. 1983ರ ಕೊನೆಗೆ ಹುಟ್ಟಿದ ಮಾರುತಿ 800 ಕೆಲವು ವರ್ಷಗಳಲ್ಲಿ ನಮ್ಮ ಬೈಲುಗಳಿಗೂ ಇಳಿಯಿತು. ಜೆಸಿಬಿ ಬಂದು ಗುಡ್ಡೆಯ ಬದಿ ಕೆರೆಯಿತು, ಚಕ್ರ ಹೋಗುವಷ್ಟಕ್ಕೆ ಎರಡು ಪಟ್ಟಿ ಕಾಂಕ್ರೀಟು ಬಿತ್ತು. ಚಡವು ಮಾತ್ರ ಚಡವಾಗಿಯೇ ಉಳಿಯಿತು.

ಹಾಗಾಗಿ ನಮ್ಮಲ್ಲಿ ಹಳೆ ಕಾರು ನೋಡಲು ಹೋದವರು ಮೈಲೇಜು ಕೇಳುವ ಮೊದಲು "ಚಡವಿಗೆ ಹೇಗೆ?" ಎಂದು ಕೇಳುತ್ತಾರೆ. ಅದು ತೀರಾ ಸರಿಯಾದ ಪ್ರಶ್ನೆ. ಮೈಲೇಜು ಕಡಿಮೆಯಾದರೆ ದುಡ್ಡು ಸ್ವಲ್ಪ ಹೆಚ್ಚು ಹೋದೀತು. ಚಡವು ಹತ್ತದಿದ್ದರೆ ಮನೆಯಲ್ಲಿ ಹುಷಾರಿಲ್ಲದವರನ್ನು ಆಸ್ಪತ್ರೆಗೆ ಮುಟ್ಟಿಸುವುದು ಹೇಗೆ?

ಹೆದ್ದಾರಿ ಮಾಡುವವರಿಗೆ ಏರಿಕೆಯ ಲೆಕ್ಕ ಉಂಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವಂತೆ ಗುಡ್ಡಗಾಡಿನಲ್ಲಿಯೂ ಮಾರ್ಗದ ಏರಿಕೆ ಸಾಮಾನ್ಯವಾಗಿ ನೂರಕ್ಕೆ ಐದಾರರ ಒಳಗಿರಬೇಕು. ಬೇರೆ ದಾರಿಯೇ ಇಲ್ಲದಲ್ಲಿ ಏಳು ಎಂಟಕ್ಕೆ ಒಪ್ಪಿಗೆ. ಮನೆಯ ದಾರಿಗೆ ಅಂಥ ಲೆಕ್ಕ ಇಟ್ಟವರು ಯಾರು? ಐದು ಅಡಿ ಮುಂದೆ ಹೋಗುವಾಗ ಒಂದಡಿ ಮೇಲೇರುವ ದಾರಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದರ ಮೇಲೆ ಒಂದು ತಿರುವು, ತಿರುವಿನಲ್ಲಿ ಪಾಚಿ.

ಚಡವು ಎಂಜಿನಿನಿಂದ ಎಷ್ಟು ಕೇಳುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ನಮ್ಮ ಕಾರುಗಳ ಮೇಲೆ ಗೌರವ ಹೆಚ್ಚುತ್ತದೆ. ಜನ, ಸಾಮಾನು ಎಲ್ಲ ಸೇರಿ ಸಾವಿರ ಕಿಲೋ ತೂಗುವ ಒಂದು ಕಾರು ಸಮತಟ್ಟಿನಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗಲು ಎರಡೂವರೆ ಅಶ್ವಶಕ್ತಿ ಧಾರಾಳ ಸಾಕು. ಅದೇ ವೇಗ ಎಂದರೆ ಸೆಕೆಂಡಿಗೆ ಹತ್ತು ಮೀಟರ್. ಈಗ ಹತ್ತಕ್ಕೆ ಒಂದರ ಚಡವು ಬಂತೆನ್ನಿ. ಪ್ರತಿ ಸೆಕೆಂಡಿಗೆ ಆ ಸಾವಿರ ಕಿಲೋವನ್ನು ಒಂದು ಮೀಟರ್ ಮೇಲಕ್ಕೆ ಎತ್ತಬೇಕು. ಅದೊಂದಕ್ಕೇ 13 ಅಶ್ವಶಕ್ತಿ. ಒಟ್ಟು ಹದಿನೈದು ದಾಟಿತು, ಸಮತಟ್ಟಿನ ಆರು ಪಟ್ಟು. ನಲ್ವತ್ತು ಅಶ್ವಶಕ್ತಿಯೂ ಇಲ್ಲದ ಮೂರು ಸಿಲಿಂಡರಿನ ಮಾರುತಿ 800, ಐದು ಜನರನ್ನೂ ಒಂದು ಬಾಳೆಗೊನೆಯನ್ನೂ ಹೊತ್ತು ನಮ್ಮ ಗುಡ್ಡೆಗಳನ್ನು ಹತ್ತಿದ್ದು ಸಣ್ಣ ಸಾಧನೆಯಲ್ಲ.

ಈ ಲೆಕ್ಕದಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಅರ್ಧ ಶಕ್ತಿ ಕಳಕೊಂಡ ಕಾರು ಕೂಡ ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೆದ್ದಾರಿಯಲ್ಲಿ ಏನೂ ಆಗದ ಹಾಗೆ ಓಡುತ್ತದೆ. ಎಂಬತ್ತರಲ್ಲಿ ಹೋಗಲಿಕ್ಕೂ ಸಮತಟ್ಟಿನಲ್ಲಿ ಹತ್ತು ಅಶ್ವಶಕ್ತಿ ಸಾಕು. ದೋಷ ಎಂದೋ ಶುರುವಾಗಿರುತ್ತದೆ, ಚಡವು ಅದನ್ನು ತೋರಿಸಿಕೊಡುತ್ತದೆ ಅಷ್ಟೆ. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಚಡವಿನಲ್ಲಿ ಎಳೆಯದ ಗಾಡಿಯನ್ನು ವರ್ಕ್‌ಶಾಪಿನ ಅಂಗಳದಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಎಕ್ಸಲರೇಟರ್ ಎರಡು ಸಲ ಒತ್ತಿ, "ಎಂಜಿನ್ ಲಾಯ್ಕಿದೆ" ಎಂದು ಹೇಳುವ ಪರೀಕ್ಷೆಯಿಂದ ನಮ್ಮ ಜಿಲ್ಲೆಯ ಜನ ಕಳಕೊಂಡ ದುಡ್ಡು ಕಡಿಮೆಯಲ್ಲ.

ಗಾಡಿ ಚಡವು ಹತ್ತದಿರುವುದು ನಮ್ಮ ಕಡೆ ಹೊಸ ಸಂಗತಿಯೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಇದ್ದಿಲು ಅರೆಬರೆ ಉರಿದು ಬರುವ ಗ್ಯಾಸೇ ಎಂಜಿನಿಗೆ ಆಹಾರ. ಆ ಗ್ಯಾಸಿನಲ್ಲಿ ಸತ್ವ ಕಡಿಮೆ. ಎಂಜಿನಿನ ಶಕ್ತಿ ಮೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಅರ್ಧವೇ ಹೋಗುತ್ತಿತ್ತು. ಆಗ ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಚಡವು ಬಂದಾಗ ಗಂಡಸರು ಇಳಿದು ನಡೆಯುವುದು, ಬೇಕಾದರೆ ದೂಡುವುದು ಟಿಕೇಟಿನ ಜೊತೆಗೆ ಬಂದ ಕೆಲಸ ಎಂದು ನನ್ನ ಅಜ್ಜ ಹೇಳುತ್ತಿದ್ದರು. ಆಮೇಲಿನ ಅಂಬಾಸಿಡರ್ ಕಾಲದಲ್ಲಿ ಎಪ್ರಿಲ್, ಮೇ ತಿಂಗಳ ಸೆಕೆಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ, ಪಂಪು ಎಳೆಯಲಾರದೆ, ಕಾರು ನಡುದಾರಿಯಲ್ಲಿ ನಿಲ್ಲುತ್ತಿತ್ತು. ಡ್ರೈವರ್ ಇಳಿದು ಎಂಜಿನಿನ ಪಕ್ಕದ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವಾಗ ಪಂಪು ತಣಿದಿರುತ್ತಿತ್ತು. ಕಾಯಿಲೆ ಏನೆಂದು ತಿಳಿದಿದ್ದರೆ ಮದ್ದು ಒದ್ದೆ ಬಟ್ಟೆಯಷ್ಟು ಅಗ್ಗವಾಗಿರಲೂಬಹುದು.

ನಮ್ಮ ಮನೆಯ ಕಾರು ಪೆಟ್ರೋಲಿನದು, ಸಣ್ಣದು, ಪ್ರಾಯ ಸ್ವಲ್ಪ ಆಗಿದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೆ ಈ ತೊಂದರೆ ಶುರುವಾಯಿತು. ಅಂಗಳದಲ್ಲಿ ಸ್ಟಾರ್ಟ್ ಮಾಡಿದರೆ ಶಬ್ದ ಚೊಕ್ಕ. ಚಡವಿನ ಬುಡದಲ್ಲಿ ಫಸ್ಟಿನಲ್ಲಿ ಚೆನ್ನಾಗಿಯೇ ಏಳುತ್ತದೆ. ಅರ್ಧ ಏರಿ, ಸೆಕೆಂಡಿಗೆ ಹಾಕಿ ಕಾಲು ಒತ್ತಿದ್ದೇ, ಎಂಜಿನ್ ಇದ್ದಲ್ಲೇ ಸೊರಗುತ್ತದೆ. ಇನ್ನಷ್ಟು ಒತ್ತಿದರೆ ಇನ್ನಷ್ಟು ಸೊರಗುತ್ತದೆ. ಕಾಲು ಸ್ವಲ್ಪ ಸಡಿಲಿಸಿದರೆ ಸುಧಾರಿಸಿಕೊಂಡು ನಾಲ್ಕು ಮಾರು ಹೋಗುತ್ತದೆ. ಒತ್ತಿದಾಗ ಸೊರಗಿ, ಬಿಟ್ಟಾಗ ಚೇತರಿಸಿಕೊಳ್ಳುವ ಈ ಗುಣದಲ್ಲಿಯೇ ಅರ್ಧ ಉತ್ತರ ಇತ್ತು.

ಸುದ್ದಿ ಹರಡಿದ್ದೇ ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು. ನನ್ನ ಭಾವನಿಗೆ ಪೆಟ್ರೋಲಿನ ಮೇಲೆಯೇ ಅನುಮಾನ. ನಾವು ಸಾರಡ್ಕ ದಾಟಿ ಕರ್ನಾಟಕದ ಬಂಕಿನಲ್ಲಿ ತುಂಬಿಸಿ ಬರುವವರು. ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ, ಗಡಿಯ ಈಚೆಯವರೆಲ್ಲ ಮಾಡುವುದೇ ಅದು. "ಭಾವ, ಇದು ಎಥನಾಲಿನ ಉಪದ್ರ. ನೂರಕ್ಕೆ ಇಪ್ಪತ್ತು ಸೇರಿಸಿದರೆ ಗಾಡಿ ಎಳೆಯುವುದು ಹೇಗೆ?" ಎಂದ. ಎಥನಾಲಿಗೆ ನೀರನ್ನು ಎಳೆದುಕೊಳ್ಳುವ ಗುಣ ಇರುವುದು ನಿಜ. ಮಳೆಗಾಲವಿಡೀ ನಿಲ್ಲಿಸಿಟ್ಟ ಕಾರಿನ ಟ್ಯಾಂಕಿಯಲ್ಲಿ ನೀರು ಹೆಚ್ಚಾದರೆ ಅದು ಎಥನಾಲನ್ನೂ ಜೊತೆಗೆಳೆದು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆದರೆ ಇದನ್ನು ಊಹೆಯಿಂದ ಹೇಳಬೇಕಾಗಿಲ್ಲ, ಕಣ್ಣಿಂದ ನೋಡಬಹುದು. ಟ್ಯಾಂಕಿಯಿಂದ ತೆಗೆದದ್ದನ್ನು ಗಾಜಿನ ಬಾಟ್ಲಿಯಲ್ಲಿ ಮುಚ್ಚಳ ಹಾಕಿ, ಒಲೆ ದೀಪಗಳಿಂದ ದೂರ ಹೊರಗಿನ ಕೊಟ್ಟಿಗೆಯಲ್ಲಿ ರಾತ್ರಿ ಇಟ್ಟೆವು. ಬೆಳಿಗ್ಗೆ ಎರಡು ಪದರ ಆಗಿರಲಿಲ್ಲ. ಇನ್ನು ಸತ್ವದ ಮಾತು. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಶಕ್ತಿ. ಇಪ್ಪತ್ತು ಪಾಲು ಸೇರಿಸಿದರೆ ಒಟ್ಟಿನಲ್ಲಿ ಕಡಿಮೆಯಾಗುವುದು ನೂರಕ್ಕೆ ಆರೇಳು. ಮೈಲೇಜಿಗೆ ಪೆಟ್ಟು ಬೀಳಬಹುದು. ಅಷ್ಟಕ್ಕೇ ಕಾರು ಚಡವಿನಲ್ಲಿ ನಿಲ್ಲುವುದಿಲ್ಲ.

ಎತ್ತರದ ಮಾತೂ ಬಂತು. ಮೇಲೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಕಳೆದುಕೊಳ್ಳುವುದು ಹೌದು, ನೂರು ಮೀಟರಿಗೆ ನೂರಕ್ಕೆ ಒಂದರ ಲೆಕ್ಕ. ಮಡಿಕೇರಿ ಸಾವಿರದ ನೂರು ಮೀಟರ್ ದಾಟಿದೆ, ಅಲ್ಲಿ ಆ ವ್ಯತ್ಯಾಸ ಕಾಲಿಗೆ ಗೊತ್ತಾದೀತು. ನಮ್ಮ ಜಿಲ್ಲೆಯಲ್ಲಿ ಜನ ಗಾಡಿ ತೆಗೆದುಕೊಂಡು ಹೋಗುವ ರಾಣಿಪುರವೇ ಸುಮಾರು 750 ಮೀಟರ್. ಪೆರ್ಲದ ಗುಡ್ಡೆಗೆ ಈ ಕಾರಣ ಸಲ್ಲದು.

ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಸಿಕ್ಕಿಸಿ ನೋಡಿದರು. ಯಾವ ದೋಷವೂ ಬರೆದಿರಲಿಲ್ಲ. ಹಾಗಿದ್ದರೂ ಪ್ಲಗ್, ಏರ್ ಫಿಲ್ಟರ್, ಕಾಯಿಲ್, ಇಂಜೆಕ್ಟರ್ ಎಂದು ಬದಲಿಸಬೇಕಾದ ಸಾಮಾನಿನ ಪಟ್ಟಿ ಕೈಗೆ ಬಂತು. ನಾನು ಪಟ್ಟಿಯನ್ನು ಕಿಸೆಗೆ ಹಾಕಿ ಕಾರನ್ನು ನಮ್ಮೂರಿನ ಮೆಕ್ಯಾನಿಕ್ ಹತ್ತಿರ ತಂದೆ.

ಅವರು ಬಾನೆಟ್ ಎತ್ತಲಿಲ್ಲ. ಕೈ ಒರೆಸಿಕೊಂಡು ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಅಣ್ಣ, ಚಡವಿನಲ್ಲಿ ಎಂಜಿನ್ ಕೂಗ್ತದಾ, ಕೆಮ್ಮುತ್ತದಾ, ಮಲಗ್ತದಾ?"

ಇಷ್ಟು ವರ್ಷ ಗಾಡಿ ಬಿಟ್ಟರೂ ಇಷ್ಟು ಚೊಕ್ಕವಾದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಎಂಜಿನ್ ಕೂಗುತ್ತಾ ಹೋಗಿ ಕಾರು ಮಾತ್ರ ನಿಧಾನವಾದರೆ ಎಂಜಿನಿನಲ್ಲಿ ದೋಷವಿಲ್ಲ, ಅದರ ಶಕ್ತಿ ಚಕ್ರಕ್ಕೆ ಮುಟ್ಟುತ್ತಿಲ್ಲ. ಕ್ಲಚ್ ಪ್ಲೇಟು ಸವೆದು ಜಾರುತ್ತಿದೆ, ಸುಟ್ಟ ವಾಸನೆಯೂ ಬರುತ್ತದೆ. ಕೆಮ್ಮಿ ಕೆಮ್ಮಿ ಕಾರೇ ಕುಲುಕಾಡಿದರೆ ಕಿಡಿಯ ಕಡೆ ನೋಡಬೇಕು. ಹೊರೆ ಹೆಚ್ಚಾದಾಗ ಸಿಲಿಂಡರಿನೊಳಗೆ ಗಾಳಿ ಹೆಚ್ಚು ತುಂಬಿ ಒತ್ತಡ ಏರುತ್ತದೆ. ಅಷ್ಟು ಒತ್ತಡದಲ್ಲಿ ಪ್ಲಗ್ಗಿನ ಸಂದಿ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜು ಬೇಕು. ಸಮತಟ್ಟಿನಲ್ಲಿ ಹೇಗೋ ಹಾರುತ್ತಿದ್ದ ಕಿಡಿ ಆಗ ಬಿರುಕುಬಿಟ್ಟ ವಯರಿನಿಂದಲೋ ಕಾಯಿಲಿನಿಂದಲೋ ಹೊರಗೆ ಜಾರಿ ಹೋಗುತ್ತದೆ. ಮಳೆಗಾಲದ ತೇವದಲ್ಲಿ ಇದು ಹೆಚ್ಚು. ಕೂಗದೆ ಕೆಮ್ಮದೆ ಎಂಜಿನ್ ಸುಮ್ಮನೆ ಮಲಗಿದರೆ ಅದಕ್ಕೆ ಒಳಗೆ ಬರುವುದು ಸಾಲದು ಅಥವಾ ಹೊರಗೆ ಹೋಗಬೇಕಾದ್ದು ಹೋಗುತ್ತಿಲ್ಲ: ಪೆಟ್ರೋಲ್, ಗಾಳಿ, ಸೈಲೆನ್ಸರ್, ಈ ಮೂರರಲ್ಲಿ ಒಂದು.

"ಮಲಗ್ತದೆ. ಕಾಲು ಬಿಟ್ಟರೆ ಏಳ್ತದೆ" ಎಂದೆ.

"ಹಾಗಾದ್ರೆ ಸೈಲೆನ್ಸರ್ ಬ್ಲಾಕ್ ಅಲ್ಲ ಅಂತ ಕಾಣ್ತದೆ" ಎಂದರು. ಹೊಗೆಯ ದಾರಿ ಕಟ್ಟಿದ್ದರೆ ಇಷ್ಟು ಬೇಗ ಚೇತರಿಸುವುದಿಲ್ಲವಂತೆ. ಒಂದು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರು. ತುದಿಯ ಪಿಂಗಾಣಿ ನಸುಕಂದು ಬಣ್ಣಕ್ಕಿರಬೇಕಾದ್ದು ಬೆಳ್ಳಗೆ ಬಿಳಿಚಿಕೊಂಡಿತ್ತು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿ ಉರಿದದ್ದರ ಗುರುತು ಅದು. ಪ್ಲಗ್ ಕೆಟ್ಟಿರಲಿಲ್ಲ, ಅದು ಸಾಕ್ಷಿ ಹೇಳುತ್ತಿತ್ತು. ಬದಲಿಸಿ ಎಸೆದಿದ್ದರೆ ಸಾಕ್ಷಿಯೂ ಗುಜರಿಗೆ ಹೋಗುತ್ತಿತ್ತು.

ಸ್ಕ್ಯಾನರ್ ಯಾಕೆ ಏನೂ ಹೇಳಲಿಲ್ಲ ಎಂದು ಕೇಳಿದೆ. ಮೆಲ್ಲಗೆ ಹೋಗುವಾಗ ಕಾರಿನ ಕಂಪ್ಯೂಟರ್ ಹೊಗೆಯಲ್ಲಿರುವ ಆಕ್ಸಿಜನ್ ನೋಡಿ ಪೆಟ್ರೋಲಿನ ಪ್ರಮಾಣ ತಿದ್ದುತ್ತಿರುತ್ತದೆ. ಕಾಲು ಪೂರ್ತಿ ಒತ್ತಿದಾಗ ಆ ತಿದ್ದುವ ಕೆಲಸ ಬಿಟ್ಟು, ಮೊದಲೇ ಬರೆದಿಟ್ಟ ಲೆಕ್ಕದಂತೆ ಪೆಟ್ರೋಲ್ ಕೊಡುತ್ತದೆ. ಅಂದರೆ ನಮ್ಮ ದೋಷ ಎದ್ದು ಬರುವ ಹೊತ್ತಿಗೇ ಅದು ಹೊಗೆಯ ಮಾತು ಕೇಳುವುದನ್ನು ನಿಲ್ಲಿಸಿರುತ್ತದೆ. ಸ್ಕ್ಯಾನರ್ ಸುಳ್ಳು ಹೇಳಲಿಲ್ಲ, ಅದಕ್ಕೆ ಗೊತ್ತಾಗಲೇ ಇಲ್ಲ.

ಆಮೇಲೆ ಗೇಜು ಬಂತು. ಎಂಜಿನಿಗೆ ಹೋಗುವ ಪೆಟ್ರೋಲ್ ಪೈಪಿನ ನಡುವೆ ಮೂರು ದಾರಿಯ ಜೋಡಣೆ ಕೂರಿಸಿ, ಅದರಿಂದ ಉದ್ದದ ಹೋಸು ಎಳೆದು, ಗಡಿಯಾರದಂಥ ಮುಖದ ಒತ್ತಡದ ಗೇಜು ಕಟ್ಟಿದರು. ಸ್ಟಾರ್ಟ್ ಮಾಡಿಸಿ ಪ್ರತಿ ಕ್ಲಿಪ್ಪಿನ ಸುತ್ತ ಬೆರಳಾಡಿಸಿ ಒಂದು ಹನಿಯೂ ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಮುಳ್ಳು 3 ಬಾರಿನ ಮೇಲೆ ಅಲುಗದೆ ನಿಂತಿತ್ತು. ಈ ಎಂಜಿನಿಗೆ ಬೇಕಾದ್ದು ಅಷ್ಟೇ. ಅಂಗಳದ ಪರೀಕ್ಷೆಯಲ್ಲಿ ಕಾರು ಪಾಸಾಯಿತು.

"ಚಡವಿನ ಕಾಯಿಲೆಯನ್ನು ಇಲ್ಲಿ ನೋಡಿದ್ರೆ ಎಂತ ಕಾಣ್ತದೆ? ನಡೀರಿ ಅಣ್ಣ, ನಿಮ್ಮ ಚಡವಿಗೇ ಹೋಗುವ" ಎಂದರು. ಗೇಜನ್ನು ಬಾನೆಟ್ಟಿನ ಸಂದಿಯಿಂದ ಹೊರಗೆ ತೆಗೆದು, ಮುಂದಿನ ಗಾಜಿನ ಮೇಲೆ ಹೊರಗಡೆಯಿಂದ ಟೇಪು ಹಚ್ಚಿ, ಮುಖ ನಮ್ಮ ಕಡೆ ಬರುವಂತೆ ಅಂಟಿಸಿದರು. ಪೆಟ್ರೋಲ್ ತುಂಬಿದ ಹೋಸನ್ನು ಕಾರಿನೊಳಗೆ ಯಾವತ್ತೂ ತರಬಾರದು ಎಂಬುದು ಅವರ ಕಟ್ಟುನಿಟ್ಟು. ನಾನು ಸ್ಟೇರಿಂಗಿಗೆ ಕೂತೆ, ಅವರು ಎಡಗಡೆ. ಸಾಮಾನ್ಯ ಹೊರೆ ಇರಬೇಕೆಂದು ಹಿಂದಿನ ಸೀಟಿಗೆ ಭಾವನನ್ನೂ ಅವನ ತಮ್ಮನನ್ನೂ ಹತ್ತಿಸಿಕೊಂಡೆವು.

ಬುಡದಲ್ಲಿ 3. ಫಸ್ಟಿನಲ್ಲಿ ಏರುವಾಗಲೂ 3ರ ಹತ್ತಿರವೇ. ಗೇರುಮರದ ತಿರುವು ಕಳೆದು ಸೆಕೆಂಡಿಗೆ ಹಾಕಿ ಪೂರ್ತಿ ಒತ್ತಿದೆ. ಮುಳ್ಳು ಒಮ್ಮೆ ನಡುಗಿತು. ಎರಡೂವರೆ. ಎರಡು. ಒಂದೂವರೆ. ಅದು ಇಳಿದಂತೆ ಎಂಜಿನೂ ಮಲಗಿತು. "ಕಾಲು ಬಿಡಿ" ಎಂದರು. ಬಿಟ್ಟೆ. ಮುಳ್ಳು ಮೇಲೆದ್ದು 3ಕ್ಕೆ ಬಂತು, ಎಂಜಿನ್ ಎದ್ದಿತು. ಇನ್ನೊಮ್ಮೆ ಒತ್ತಿಸಿದರು. ಪುನಃ ಅದೇ. ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಎಲ್ಲರ ಕಣ್ಣೂ ಗಾಜಿನ ಮೇಲಿನ ಆ ಮುಳ್ಳಿನ ಮೇಲೆ.

ಲೆಕ್ಕ ಸ್ಪಷ್ಟ. ಸುಮ್ಮನೆ ನಿಂತು ಓಡುವಾಗ ಇಂಥ ಎಂಜಿನಿಗೆ ಗಂಟೆಗೆ ಒಂದು ಲೀಟರೂ ಬೇಡ. ಪೂರ್ತಿ ಶಕ್ತಿ ಹಾಕಿ ಎಳೆಯುವಾಗ ಗಂಟೆಗೆ ಹದಿನೈದು ಲೀಟರಿನ ವೇಗದಲ್ಲಿ ಕುಡಿಯುತ್ತದೆ. ಸುರಂಗದ ನೀರು ಮನೆಖರ್ಚಿಗೆ ಧಾರಾಳ ಆಗುತ್ತದೆ, ಅದನ್ನೇ ನಂಬಿ ತೋಟಕ್ಕೆ ಬಿಟ್ಟರೆ ಟ್ಯಾಂಕಿ ಬರಿದಾಗುತ್ತದಲ್ಲ, ಹಾಗೆ. ಒತ್ತಡ ಅರ್ಧಕ್ಕೆ ಇಳಿದರೆ ಇಂಜೆಕ್ಟರಿನಿಂದ ಬೀಳುವ ಪೆಟ್ರೋಲ್ ನೂರಕ್ಕೆ ಮೂವತ್ತು ಪಾಲು ಕಡಿಮೆಯಾಗುತ್ತದೆ. ಗಾಳಿ ಮಾತ್ರ ಪೂರ್ತಿ ಬರುತ್ತಿರುತ್ತದೆ. ಅಷ್ಟು ತೆಳುವಾದ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳುವುದೇ ಇಲ್ಲ.

ಇಲ್ಲಿಗೆ ತಲುಪಿದ ಹೆಚ್ಚಿನವರು ಪಂಪು ಹೋಗಿದೆ ಎಂದು ತೀರ್ಮಾನಿಸಿ ಹೊಸತು ಹಾಕುತ್ತಾರೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಟ್ಯಾಂಕಿಯ ಒಳಗೇ ಮುಳುಗಿ ಕೂತಿರುತ್ತದೆ, ಫಿಲ್ಟರಿನ ಸಮೇತ ಇಡೀ ಸೆಟ್ಟಿಗೆ ಕೆಲವು ಸಾವಿರ ರೂಪಾಯಿ. ನಮ್ಮ ಮೆಕ್ಯಾನಿಕ್ ಇಲ್ಲಿ ನಿಂತು ಇನ್ನೊಂದು ಪ್ರಶ್ನೆ ಹಾಕಿಕೊಂಡರು: ಪಂಪಿಗೆ ದುಡಿಯುವ ಮನಸ್ಸಿದೆಯೋ ಇಲ್ಲವೋ ಆಮೇಲೆ ನೋಡುವ, ಅದಕ್ಕೆ ಕರೆಂಟು ಪೂರ್ತಿ ಸಿಗುತ್ತಿದೆಯಾ?

ಹಿಂದಿನ ಸೀಟು ಎತ್ತಿದರೆ ಟ್ಯಾಂಕಿಯ ಮುಚ್ಚಳ, ಅದರ ಮೇಲೆ ಪಂಪಿನ ಕನೆಕ್ಟರು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್. ಪಂಪಿನ ಎರಡು ಕಾಲುಗಳ ನಡುವೆ ಮೀಟರ್ ಇಟ್ಟರೆ 10.8. ಮೂರು ವೋಲ್ಟ್ ನಡುದಾರಿಯಲ್ಲಿ ಮಾಯ. ಪಾಸಿಟಿವ್ ವಯರಿನ ದಾರಿಯಲ್ಲಿ ಅಳೆದರು: ಹೋದದ್ದು 0.3 ಮಾತ್ರ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಪಂಪಿನ ಅರ್ತಿಗೆ, ಇನ್ನೊಂದನ್ನು ಉದ್ದದ ವಯರಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಇಟ್ಟರು. ಅರ್ತಿ ಸರಿಯಾಗಿದ್ದರೆ ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಮೀಟರ್ 2.8 ತೋರಿಸಿತು. ಕಳ್ಳ ಅಲ್ಲಿದ್ದ. ಒಂದು ತುಂಡು ವಯರಿನಿಂದ ಪಂಪಿನ ಅರ್ತಿಯನ್ನು ಬಾಡಿಯ ಇನ್ನೊಂದು ಚೊಕ್ಕ ಬೋಲ್ಟಿಗೆ ಮುಟ್ಟಿಸಿದರು. ಪಂಪಿನ ಸ್ವರವೇ ಬದಲಾಯಿತು, ಸಣ್ಣಗೆ ಗುಂಯ್‌ಗುಡುತ್ತಿದ್ದದ್ದು ಚುರುಕಾಗಿ ಏರಿತು.

ಇಷ್ಟಾದ ಮೇಲೆ ಮ್ಯಾಟು ಎತ್ತುವ ಕೆಲಸ. ಹಿಂದಿನ ಬಾಗಿಲಿನ ಬುಡದಲ್ಲಿ ಮ್ಯಾಟಿನ ಕೆಳಗಿನ ದಪ್ಪ ಹಾಸು ಹಿಂಡಿದರೆ ನೀರು ಬರುವಷ್ಟು ಒದ್ದೆ. ಬಾಗಿಲಿನ ತಳದಲ್ಲಿ ಮಳೆನೀರು ಹೊರಹೋಗಲು ಇಟ್ಟ ತೂತುಗಳು ಎಲೆ, ಮಣ್ಣು ಸೇರಿ ಕಟ್ಟಿಹೋಗಿದ್ದವು. ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆ ಇದು. ತೂತು ಕಟ್ಟಿದರೆ ನೀರು ಒಳದಾರಿ ಹುಡುಕದೆ ಇರುತ್ತದೆಯೇ? ಅರ್ತಿಯ ಬೋಲ್ಟು ಇದ್ದದ್ದು ಅದೇ ಮೂಲೆಯಲ್ಲಿ. ಬೋಲ್ಟಿನ ತಲೆ ತುಕ್ಕು ಹಿಡಿದು ಉಬ್ಬಿತ್ತು, ಅದರ ಕೆಳಗಿನ ತಾಮ್ರದ ಬಳೆಯ ಸುತ್ತ ನೀಲಿಹಸಿರು ಕಿಲುಬು.

ಮೆಕ್ಯಾನಿಕ್ ಮ್ಯಾಟಿನ ಅಂಚಿನಿಂದ ಒಂದು ನೀಲಿ ಹರಳು ಹೆಕ್ಕಿ ನನ್ನ ಅಂಗೈಗೆ ಹಾಕಿದರು. ಅದೇನೆಂದು ಅಡಿಕೆ ತೋಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಲುತುತ್ತು.

ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸದೆ ನಮ್ಮಲ್ಲಿ ಅಡಿಕೆ ಉಳಿಯದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೊದಲ ಮದ್ದು ಬಿಟ್ಟು ನಲ್ವತ್ತು ನಲ್ವತ್ತೈದು ದಿನಕ್ಕೆ ಇನ್ನೊಮ್ಮೆ. ಮೈಲುತುತ್ತಿನ ಚೀಲಗಳು ಸೊಸೈಟಿಯಿಂದ ಮನೆಗೆ ಬರುವುದು ಊರಿನವರೆಲ್ಲರ ಕಾರಿನ ಹಿಂದಿನ ಸೀಟಿನಲ್ಲಿ, ಸೀಟಿನ ಬುಡದಲ್ಲಿ. ಚೀಲ ಎಷ್ಟೇ ಗಟ್ಟಿಯಾಗಿದ್ದರೂ ಒಂದಿಷ್ಟು ಹುಡಿ ಉದುರುತ್ತದೆ. ಆ ಹುಡಿಗೆ ಮಳೆಯ ನೀರು ಸೇರಿದರೆ ಕಬ್ಬಿಣಕ್ಕೆ ಏನಾಗುತ್ತದೆ ಎಂಬುದೂ ನಮಗೆಲ್ಲ ಗೊತ್ತು. ಮದ್ದು ಹದವಾಗಿದೆಯೇ ಎಂದು ನೋಡಲು ತಿಕ್ಕಿ ತೊಳೆದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುವುದು ಹಳೆಯ ಕ್ರಮ. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ; ಕಬ್ಬಿಣ ಕರಗಿ ನೀರಿಗೆ ಹೋಗಿ, ನೀರಿನಲ್ಲಿದ್ದ ತಾಮ್ರ ಅದರ ಜಾಗಕ್ಕೆ ಬಂದಿರುತ್ತದೆ. ಮೈಲುತುತ್ತಿನ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಇಡಬಾರದು ಎನ್ನುವುದೂ ಅದಕ್ಕೇ. ಕತ್ತಿಗೆ ಆದದ್ದೇ ನಮ್ಮ ಬೋಲ್ಟಿಗೂ ಆಗಿತ್ತು. ತೋಟದ ಮದ್ದು ಕಾರಿನ ಅರ್ತಿಯನ್ನು ತಿಂದು, ಚಡವಿನಲ್ಲಿ ಎಂಜಿನಿಗೆ ಪೆಟ್ರೋಲ್ ಕಡಿಮೆ ಮಾಡಿತು. ಕಾರಣದಿಂದ ಕಾರಣಕ್ಕೆ ಹೀಗೆ ಇಳಿಯುತ್ತ ಹೋದ ಆ ಮಧ್ಯಾಹ್ನ ನನಗೆ ಬಹಳ ಸಂತೋಷ ಕೊಟ್ಟಿತು ಎಂಬುದನ್ನು ಯಾಕೆ ಮುಚ್ಚಿಡಲಿ?

ರಿಪೇರಿ ಅರ್ಧ ಗಂಟೆಯದು. ಬೋಲ್ಟು ಬಿಚ್ಚಿ, ಕೆಳಗಿನ ತಗಡನ್ನು ಮರಳುಕಾಗದದಿಂದ ಹೊಳೆಯುವಷ್ಟು ಉಜ್ಜಿ, ವಯರಿನ ತುದಿಗೆ ಹೊಸ ಬಳೆ ಒತ್ತಿ, ಹಲ್ಲಿನ ವಾಷರ್ ಇಟ್ಟು ಬಿಗಿ ಮಾಡಿ, ಮೇಲಿನಿಂದ ವ್ಯಾಸಲೀನ್ ಹಚ್ಚಿದರು. ಬಾಗಿಲಿನ ತೂತುಗಳನ್ನು ತೆಂಗಿನ ಗರಿಯ ಕಡ್ಡಿಯಲ್ಲಿ ಬಿಡಿಸಿದರು. ನೆಲವನ್ನು ಎರಡು ಸಲ ತೊಳೆದು, ಮ್ಯಾಟನ್ನು ಬಿಸಿಲಿಗೆ ಹಾಕಿದೆವು. ಆಮೇಲೆ ಅದೇ ನಾಲ್ಕು ಜನ, ಅದೇ ಚಡವು, ಗಾಜಿನ ಮೇಲೆ ಅದೇ ಗೇಜು. ತಿರುವು ಕಳೆದು ಸೆಕೆಂಡಿನಲ್ಲಿ ಪೂರ್ತಿ ಒತ್ತಿದಾಗ ಮುಳ್ಳು ಕೂದಲೆಳೆಯಷ್ಟು ಇಳಿದು ಅಲ್ಲೇ ನಿಂತಿತು. ಕಾರು ಪದವಿಗೆ ಮುಟ್ಟಿತು. ರಿಪೇರಿ ಆದ ಮೇಲೆ ಪುನಃ ಅಳೆಯುವ ಈ ಕ್ರಮವನ್ನು ನಾನು ಬಹಳ ಮೆಚ್ಚುತ್ತೇನೆ. ಎಷ್ಟೋ ಕಡೆ ಬಿಲ್ಲು ಕೊಡುವುದೇ ರಿಪೇರಿ ಮುಗಿದದ್ದರ ಗುರುತು.

ಎಲ್ಲರ ಕಾರಿಗೂ ಇದೇ ಆಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಮುರಮಣ್ಣಿನ ಕೆಂಪು ಹುಡಿ ಏರ್ ಫಿಲ್ಟರನ್ನು ಕಟ್ಟಿಬಿಡುತ್ತದೆ. ಇಲಿ ಅದರ ಪೆಟ್ಟಿಗೆಯೊಳಗೆ ಅಡಿಕೆ ಸಿಪ್ಪೆ ತಂದು ಗೂಡು ಮಾಡುವುದೂ ಉಂಟು. ಹ್ಯಾಂಡ್‌ಬ್ರೇಕಿನ ಕೇಬಲ್ ತುಕ್ಕು ಹಿಡಿದು ಹಿಂದಿನ ಚಕ್ರ ಅರ್ಧ ಬ್ರೇಕಿನಲ್ಲೇ ಉರುಳುತ್ತಿದ್ದರೂ ಗಾಡಿ ಎಳೆಯುವುದಿಲ್ಲ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಚಕ್ರದ ಹತ್ತಿರ ಕೈ ಹಿಡಿದರೆ ಬಿಸಿ ಗೊತ್ತಾಗುತ್ತದೆ. ಸಿಲಿಂಡರಿನ ಕಂಪ್ರೆಷನ್ನೇ ಕಡಿಮೆಯಾಗಿದ್ದರೆ ಅದು ದೊಡ್ಡ ಕೆಲಸ, ಆದರೆ ಅದಕ್ಕೂ ಗೇಜು ಇದೆ. ನನಗೆ ಸಿಟ್ಟು ಬರುವುದು, ಇಷ್ಟೆಲ್ಲ ಅಳೆಯುವ ಸಾಧನಗಳು ಇರುವಾಗ ಕೂಲಿ ಮಾಡಿ ಹಳೆ ಕಾರು ಕೊಂಡವನ ಹತ್ತಿರ "ಇದೊಂದು ಬದಲಿಸಿ ನೋಡುವ" ಎಂದು ಒಂದಾದ ಮೇಲೊಂದು ಸಾಮಾನು ತರಿಸುವುದನ್ನು ಕಂಡಾಗ. ನೋಡುವ ಖರ್ಚು ಅವನದು, ಕಲಿಯುವುದು ಇನ್ನೊಬ್ಬರು. ಒಂದು ಗೇಜಿನ ಸೆಟ್ಟು ಮತ್ತು ಒಂದು ಮಲ್ಟಿಮೀಟರ್ ನಮ್ಮ ಪಂಚಾಯತಿನ ಪ್ರತಿ ವರ್ಕ್‌ಶಾಪಿನಲ್ಲಿ ಇರಲೇಬೇಕು. ಅವುಗಳ ಬೆಲೆ ಅನಾವಶ್ಯಕವಾಗಿ ಬದಲಿಸಿದ ಒಂದು ಪಂಪಿನ ಬೆಲೆಗಿಂತ ಹೆಚ್ಚಾಗಲಾರದು.

ಈಗ ಭಾವನ ಸರದಿ. ಅವನದು ಡೀಸೆಲ್ ಗಾಡಿ, 2020ರ ಎಪ್ರಿಲಿನ ಬಿಎಸ್ 6 ನಿಯಮ ಬಂದ ಮೇಲಿನದು. ಅಂಥವುಗಳ ಹೊಗೆಯ ದಾರಿಯಲ್ಲಿ ಮಸಿ ಹಿಡಿದಿಡುವ ಒಂದು ಫಿಲ್ಟರ್ ಇರುತ್ತದೆ. ಹಿಡಿದ ಮಸಿ ತಾನಾಗಿ ಸುಟ್ಟುಹೋಗಬೇಕಾದರೆ ಗಾಡಿ ಒಂದೇ ಸಮನೆ ಸ್ವಲ್ಪ ಹೊತ್ತು ಬಿಸಿಯಾಗಿ ಓಡಬೇಕು. ಭಾವನ ಗಾಡಿ ಓಡುವುದು ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ದೇವಸ್ಥಾನಕ್ಕೆ. ಎಂಜಿನ್ ಬಿಸಿಯಾಗುವ ಮೊದಲೇ ಊರು ಬಂದಿರುತ್ತದೆ. ಮಸಿ ತುಂಬಿ ಮೀಟರಿನಲ್ಲಿ ಹಳದಿ ದೀಪ ಹತ್ತಿದೆ, ಚಡವಿನಲ್ಲಿ ಎಳೆತ ಇಲ್ಲ. ಫಿಲ್ಟರಿನ ಆಚೆ ಈಚೆ ಒತ್ತಡದಲ್ಲಿ ಎಷ್ಟು ವ್ಯತ್ಯಾಸ ಇದೆ ಎಂಬುದನ್ನು ಗಾಡಿಯೇ ಅಳೆಯುತ್ತದೆ, ಸ್ಕ್ಯಾನರಿನಲ್ಲಿ ಓದಬಹುದು. ಇಲ್ಲಿ ಸ್ಕ್ಯಾನರೇ ಸರಿಯಾದ ಸಾಧನ. ಬರುವ ಆದಿತ್ಯವಾರ ಭಾವ, ಮೆಕ್ಯಾನಿಕ್, ನಾನು ಮೂವರೂ ಹೊರಡುವುದೆಂದು ಆಗಿದೆ. ಮೊದಲು ಮನೆಯ ಚಡವಿನಲ್ಲಿ ಆ ಅಂಕಿ ಬರೆದುಕೊಳ್ಳುವುದು, ಆಮೇಲೆ ಹೆದ್ದಾರಿಗೆ ಇಳಿದು ತಲಪಾಡಿಯವರೆಗೆ ಒಂದೇ ಸಮನೆ ಓಡಿಸುವುದು, ಬಂದು ಪುನಃ ಅದೇ ಚಡವಿನಲ್ಲಿ ಓದುವುದು. ಅಂಕಿ ಇಳಿದಿದ್ದರೆ ಸರಿ. ಇಲ್ಲದಿದ್ದರೆ ಸೋಮವಾರ ಫಿಲ್ಟರ್ ಬಿಚ್ಚುವುದು.